ಸತ್ತ ಯೀಸ್ಟು, ಜೀವಂತ ಸಿಂಪಿ

ಸಿಂಪಿ ಬಿಡಿಸುವವರು ಬಲ ಹಾಕುವುದಿಲ್ಲ, ಜಾಗ ಹುಡುಕುತ್ತಾರೆ. ಎಡಗೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಉಬ್ಬಿದ ಚಿಪ್ಪು ಕೆಳಗೆ ಬರುವಂತೆ ಹಿಡಿದು, ಕೀಲಿನಿಂದ ಮೂರರಲ್ಲಿ ಎರಡು ಪಾಲು ದೂರದಲ್ಲಿ, ಬಲ ಅಂಚಿಗೆ ಗಿಡ್ಡ ಚಾಕುವಿನ ತುದಿ ಇಡುತ್ತಾರೆ. ಎರಡೂ ಚಿಪ್ಪುಗಳನ್ನು ಬಿಗಿಹಿಡಿದ ಸ್ನಾಯು ಒಳಗೆ ಅದೇ ನೇರಕ್ಕಿದೆ. ಚಾಕು ಅದನ್ನು ಕೊಯ್ದ ಕ್ಷಣ, ಅಲ್ಲಿಯವರೆಗೆ ಕಲ್ಲಿನಂತಿದ್ದ ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ಸಡಿಲವಾಗುತ್ತದೆ. ಮೊದಲು ಸಿಗುವ ನೀರನ್ನು ಚೆಲ್ಲಿಬಿಡುತ್ತಾರೆ. ಅದು ಬರೀ ಸಮುದ್ರದ ನೀರು. ಕೆಲವು ನಿಮಿಷ ಹಾಗೇ ಬಿಟ್ಟರೆ ಸಿಂಪಿ ತನ್ನೊಳಗಿನಿಂದ ಇನ್ನಷ್ಟು ನೀರು ಬಿಡುತ್ತದೆ. ತಿನ್ನುವವರು ಕಾಯುವುದು ಈ ಎರಡನೆಯ ನೀರಿಗೆ. ಚಾಕುವಿನ ತುದಿಯಿಂದ ಸಿಂಪಿಯ ಕಪ್ಪು ಅಂಚನ್ನು ಮೆಲ್ಲಗೆ ಮುಟ್ಟಿದರೆ ಅಂಚು ಒಳಕ್ಕೆ ಸೇದಿಕೊಳ್ಳುತ್ತದೆ. ತಟ್ಟೆಯಲ್ಲಿರುವುದು ಇನ್ನೂ ಬದುಕಿರುವ ಜೀವಿ.

ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ, ಲ್ವಾರ್ ನದಿ ಅಟ್ಲಾಂಟಿಕ್ ಸೇರುವ ನಾಂತ್ ಸೀಮೆಯಲ್ಲಿ, ಈ ತಟ್ಟೆಯ ಪಕ್ಕಕ್ಕೆ ಬರುವ ಲೋಟ ಮುಸ್ಕಾದೆಯದು. ಬಿಳಿ ವೈನ್. ಬಣ್ಣ ತೀರಾ ತೆಳು, ಹಸಿರು ಮಿಶ್ರಿತ ಹಳದಿ. ಮೂಗಿನ ಹತ್ತಿರ ಹಿಡಿದರೆ ಪರಿಮಳ ಅಷ್ಟಕ್ಕಷ್ಟೆ: ಕಾಯಿ ಸೇಬು, ನಿಂಬೆಯ ಸಿಪ್ಪೆ, ಎಲ್ಲೋ ದೂರದಲ್ಲಿ ಬ್ರೆಡ್ಡಿನ ವಾಸನೆ. ಮದ್ಯಸಾರ ಸುಮಾರು 12 ಶೇಕಡ. ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಹುಳಿ ಚುರುಕು. ಒಂಟಿಯಾಗಿ ಕುಡಿದು ಇದನ್ನು ಸಪ್ಪೆ ಎಂದು ಬದಿಗಿಟ್ಟವರು ಬಹಳ ಜನ. ಅದೇ ಲೋಟ ಸಿಂಪಿಯ ಜೊತೆ ಬಾಯಿಗೆ ಬಂದಾಗ ಬೇರೆಯೇ ಆಗುತ್ತದೆ. ಸಿಂಪಿಯಲ್ಲಿ ಸಿಹಿ ಕಾಣುತ್ತದೆ, ವೈನಿನಲ್ಲಿ ಮೈ ಕಾಣುತ್ತದೆ. ಇಷ್ಟು ಕಡಿಮೆ ಮಾತಿನ ವೈನು ಈ ಕೆಲಸವನ್ನು ಹೇಗೆ ಮಾಡುತ್ತದೆ?

ವೈನ್ ಬಲ್ಲವರು ಸಾಮಾನ್ಯವಾಗಿ ಕೊಡುವ ಉತ್ತರ ಚೆಂದವಾಗಿದೆ: ಒಂದೇ ನೆಲದಲ್ಲಿ ಒಟ್ಟಿಗೆ ಬೆಳೆದದ್ದು ತಟ್ಟೆಯಲ್ಲೂ ಹೊಂದುತ್ತದೆ. ಕೇಳಿದವರಿಗೆ ಇದು ಕೂಡಲೇ ಒಪ್ಪಿಗೆಯಾಗುತ್ತದೆ, ಏಕೆಂದರೆ ಊರಿನ ಅನ್ನಕ್ಕೆ ಊರಿನ ಸಾರೇ ಸರಿ ಎಂಬ ಭಾವ ಎಲ್ಲರಲ್ಲೂ ಇದೆ. ಆದರೆ ಈ ಎರಡರ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಇವೆರಡೂ ಆ ನೆಲದವಲ್ಲ.

ಮೊದಲು ಸಿಂಪಿ. ಯುರೋಪಿನ ಮೂಲ ಸಿಂಪಿ ಚಪ್ಪಟೆಯಾದ ಬೇರೊಂದು ಜಾತಿ. ಅತಿಯಾಗಿ ಬಾಚಿದ್ದರಿಂದ ಅದು 19ನೇ ಶತಮಾನದಲ್ಲೇ ವಿರಳವಾಗಿತ್ತು. 1868ರಲ್ಲಿ ಪೋರ್ಚುಗಲ್‌ನಿಂದ ಸಿಂಪಿ ತುಂಬಿಕೊಂಡು ಬಂದ ‘ಮೊರ್ಲೇಸಿಯಾಂ’ ಎಂಬ ಹಡಗು ಬಿರುಗಾಳಿಗೆ ಸಿಕ್ಕು ಫ್ರಾನ್ಸಿನ ಜಿರೋಂಡ್ ಅಳಿವೆಯಲ್ಲಿ ತಡೆದು ನಿಂತಿತು. ಸರಕು ಕೆಟ್ಟಿತೆಂದು ನೀರಿಗೆ ಸುರಿದರು. ಸತ್ತಿರದ ಕೆಲವು ಸಿಂಪಿಗಳು ಅಲ್ಲೇ ಸಂಸಾರ ಹೂಡಿ ನೂರು ವರ್ಷ ಫ್ರಾನ್ಸಿನ ತಟ್ಟೆ ತುಂಬಿದವು. 1970ರ ಹೊತ್ತಿಗೆ ವೈರಸ್ ರೋಗ ಬಂದು ಅವೂ ನಾಶವಾದವು. ಆಗ ತಂದು ಬಿಟ್ಟದ್ದು ಜಪಾನ್ ಮೂಲದ ಪೆಸಿಫಿಕ್ ಸಿಂಪಿಯನ್ನು. ಇವತ್ತು ಫ್ರಾನ್ಸಿನಲ್ಲಿ ಸಾಕುವ ಸಿಂಪಿಗಳಲ್ಲಿ ಬಹುಪಾಲು ಅದೇ. ಅಂದರೆ ಮುಸ್ಕಾದೆಯ ಪಕ್ಕದಲ್ಲಿ ಈಗ ಕುಳಿತಿರುವ ಸಂಗಾತಿಗೆ ಅಲ್ಲಿ ಸುಮಾರು 50 ವರ್ಷದ ವಾಸ.

ದ್ರಾಕ್ಷಿಯ ಕಥೆ ಇನ್ನಷ್ಟು ಹಿಂದಿನದು. ಅದರ ಹೆಸರಲ್ಲೇ ಊರಿದೆ: ಮೆಲಾಂ ದ ಬುರ್ಗೋನ್, ಅಂದರೆ ಬರ್ಗಂಡಿಯ ಮೆಲಾಂ. ಪೂರ್ವದ ಬರ್ಗಂಡಿಯಲ್ಲಿ ಮರ್ಯಾದೆ ಸಿಗದೆ ಹೊರಬಿದ್ದ ಬಳ್ಳಿ ಇದು. 17ನೇ ಶತಮಾನದಲ್ಲಿ ನಾಂತ್ ಬಂದರಿಗೆ ಬರುತ್ತಿದ್ದ ಡಚ್ ವರ್ತಕರಿಗೆ ಭಟ್ಟಿ ಇಳಿಸಲು ಅಗ್ಗದ ಬಿಳಿ ವೈನ್ ಬೇಕಾಗಿತ್ತು. ಅವರ ಬೇಡಿಕೆಗೆ ಇಡೀ ಸೀಮೆ ಬಿಳಿ ದ್ರಾಕ್ಷಿಯ ಕಡೆ ತಿರುಗಿತು. 1709ರ ಜನವರಿಯಲ್ಲಿ ಯುರೋಪಿಗೆ ಬಡಿದ ಚಳಿಗೆ ಲ್ವಾರ್ ನದಿ ಹೆಪ್ಪುಗಟ್ಟಿತು, ಬಳ್ಳಿಗಳು ಸಾಲುಸಾಲಾಗಿ ಸತ್ತವು. ಮತ್ತೆ ನೆಡುವಾಗ ರೈತರು ಆರಿಸಿಕೊಂಡದ್ದು ಚಳಿ ತಡೆಯುವ, ಬೇಗ ಹಣ್ಣಾಗುವ ಮೆಲಾಂ. ಅಲ್ಲಿಂದ ಮುಂದೆ ಅದು ನಾಂತ್‌ನ ಬಳ್ಳಿಯೇ ಆಯಿತು.

ಈ ಬಳ್ಳಿಯ ಹುಟ್ಟು ತಿಳಿದದ್ದು 1999ರಲ್ಲಿ. ಕ್ಯಾಲಿಫೋರ್ನಿಯಾದ ಕ್ಯಾರಲ್ ಮೆರಿಡಿತ್, ಜಾನ್ ಬವರ್ಸ್ ಮತ್ತು ಅವರ ಫ್ರೆಂಚ್ ಸಹೋದ್ಯೋಗಿಗಳು ಡಿಎನ್‌ಎ ಗುರುತುಗಳನ್ನು ಹೋಲಿಸಿ, ಈಶಾನ್ಯ ಫ್ರಾನ್ಸಿನ 16 ದ್ರಾಕ್ಷಿ ತಳಿಗಳು ಒಂದೇ ತಂದೆತಾಯಿಯ ಮಕ್ಕಳು ಎಂದು ತೋರಿಸಿದರು. ಒಂದು ಕಡೆ ಬರ್ಗಂಡಿಯ ಹೆಮ್ಮೆಯ ಪಿನೋ. ಇನ್ನೊಂದು ಕಡೆ ರೈತರ ಹಿತ್ತಲಲ್ಲಿ ಬೆಳೆಯುತ್ತಿದ್ದ, ಅಧಿಕಾರಿಗಳು ಮತ್ತೆಮತ್ತೆ ಕೀಳಿಸಲು ನೋಡಿದ ಗುವೇ ಬ್ಲಾಂ. ಆ ಮಕ್ಕಳಲ್ಲಿ ಒಂದು ಜಗತ್ತೆಲ್ಲ ಹೆಸರಾದ ಶಾರ್ಡೊನೆ, ಇನ್ನೊಂದು ಮೆಲಾಂ. ಅಕ್ಕತಂಗಿಯರಲ್ಲಿ ಒಬ್ಬಳು ಅರಮನೆಗೆ ಹೋದಳು, ಒಬ್ಬಳು ಮೀನುಗಾರರ ಊರಿಗೆ.

ಹೀಗೆ ಬರ್ಗಂಡಿಯ ಬಳ್ಳಿ, ಜಪಾನಿನ ಸಿಂಪಿ. ಇವುಗಳ ಹೊಂದಾಣಿಕೆಯ ಕಾರಣ ನೆಲದ ನಂಟಿನಲ್ಲಿ ಸಿಗುವುದಿಲ್ಲ. ನಾಂತ್‌ನ ತೋಟಗಳ ಕೆಳಗಿರುವ ಗ್ರಾನೈಟ್, ನೈಸ್, ಗ್ಯಾಬ್ರೊ ಬಂಡೆಗಳ ರುಚಿಯೇ ವೈನಿಗೆ ಇಳಿದು ಸಮುದ್ರದ ಆಹಾರಕ್ಕೆ ಒಗ್ಗುತ್ತದೆ ಎಂಬ ಮಾತನ್ನೂ ಇಲ್ಲೇ ಮುಗಿಸಿಬಿಡಬಹುದು. ಬಂಡೆಗೆ ರುಚಿ ಇಲ್ಲ. ಅದು ನೀರಿನಲ್ಲಿ ಕರಗದು, ಆವಿಯಾಗದು. ಬೇರು ಹೀರುವುದು ಪೊಟ್ಯಾಸಿಯಂ, ಮೆಗ್ನೀಸಿಯಂನಂಥ ಲವಣಗಳನ್ನು, ಅದೂ ನಾಲಿಗೆಗೆ ಗೊತ್ತಾಗದಷ್ಟು ಅಲ್ಪ. ಬಂಡೆ ಮಾಡುವ ಕೆಲಸ ಬೇರೆ. ಮಳೆನೀರು ಎಷ್ಟು ಬೇಗ ಬಸಿಯಬೇಕು, ಬಳ್ಳಿಗೆ ಎಷ್ಟು ಬಾಯಾರಿಕೆ ಆಗಬೇಕು, ನೆಲ ಎಷ್ಟು ಬೇಗ ಬೆಚ್ಚಗಾಗಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಹಣ್ಣಿನ ಹುಳಿ, ಸಿಹಿಗಳ ತೂಕ ಅದರಿಂದ ಬದಲಾಗುತ್ತದೆ. ಅದು ಸಣ್ಣ ಸಂಗತಿಯಲ್ಲ, ಆದರೆ ಅದು ಬಂಡೆಯ ರುಚಿಯೂ ಅಲ್ಲ.

ಕಾರಣವನ್ನು ನಾನು ಕಾಣುವುದು ಎರಡು ಕಡೆ: ವೈನಿನ ತೊಟ್ಟಿಯ ತಳದಲ್ಲಿ, ಮತ್ತು ನಮ್ಮ ನಾಲಿಗೆಯ ಮೇಲೆ.

ಮುಸ್ಕಾದೆಯ ಒಳ್ಳೆಯ ಬಾಟಲಿಗಳ ಮೇಲೆ ‘ಸ್ಯೂರ್ ಲೀ’ ಎಂದು ಬರೆದಿರುತ್ತದೆ. ಮಡ್ಡಿಯ ಮೇಲೆ ಇದ್ದದ್ದು ಎಂದರ್ಥ. ದ್ರಾಕ್ಷಿರಸದ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿದ ಮೇಲೆ ಅದಕ್ಕೆ ಬದುಕಲು ಏನೂ ಉಳಿಯುವುದಿಲ್ಲ. ಕೋಟ್ಯಂತರ ಕೋಶಗಳು ಸತ್ತು ತಳಕ್ಕೆ ಇಳಿದು, ಅಕ್ಕಿ ತೊಳೆದ ನೀರಿನ ಕೆಳಗೆ ನಿಲ್ಲುವ ಬಿಳಿ ಗಸಿಯ ಹಾಗೆ ಪದರ ಕಟ್ಟುತ್ತವೆ. ಬಹುತೇಕ ಬಿಳಿ ವೈನುಗಳನ್ನು ಈ ಮಡ್ಡಿಯಿಂದ ಬೇಗ ಬೇರ್ಪಡಿಸಿ ಬೇರೆ ತೊಟ್ಟಿಗೆ ಹಾಕುತ್ತಾರೆ. ನಾಂತ್‌ನವರು ಹಾಗೆ ಮಾಡುವುದಿಲ್ಲ. ಕನಿಷ್ಠ ಒಂದು ಚಳಿಗಾಲ ವೈನು ತನ್ನ ಮಡ್ಡಿಯ ಮೇಲೇ ಮಲಗಿರಬೇಕು, ಅಲ್ಲಿಂದ ನೇರ ಬಾಟಲಿಗೆ ಹೋಗಬೇಕು. ನಡುವೆ ತೊಟ್ಟಿ ಬದಲಿಸುವಂತಿಲ್ಲ.

ಇದು ಶುರುವಾದದ್ದು ಮದುವೆಗಳಿಂದ ಎಂದು ಅಲ್ಲಿಯವರು ಹೇಳುತ್ತಾರೆ. ವರ್ಷದ ವೈನೆಲ್ಲ ಮಾರಾಟವಾದ ಮೇಲೂ ಮನೆಯ ಮದುವೆಗೋ ನಾಮಕರಣಕ್ಕೋ ಅಂತ ಒಂದು ಪೀಪಾಯಿಯನ್ನು ಮೂಲೆಯಲ್ಲಿ ಹಾಗೇ ಉಳಿಸಿಕೊಳ್ಳುತ್ತಿದ್ದರು. ಅದನ್ನು ಯಾರೂ ಅಲುಗಿಸುತ್ತಿರಲಿಲ್ಲ, ಮಡ್ಡಿ ತೆಗೆಯುತ್ತಿರಲಿಲ್ಲ. ಸಮಾರಂಭದ ದಿನ ತೆರೆದಾಗ ಆ ಪೀಪಾಯಿಯ ವೈನು ಮಾರಿದ ವೈನಿಗಿಂತ ತಾಜಾ ಇರುತ್ತಿತ್ತು, ಬಾಯಲ್ಲಿ ದುಂಡಾಗಿರುತ್ತಿತ್ತು, ನಾಲಿಗೆಗೆ ಸಣ್ಣಗೆ ಚುರುಗುಟ್ಟುತ್ತಿತ್ತು. ಮುಟ್ಟದೆ ಬಿಟ್ಟದ್ದು ರುಚಿ ಹೆಚ್ಚಿಸಿತು. ಚುರುಗುಟ್ಟುವಿಕೆಗೆ ಕಾರಣ ಸರಳ: ಹುದುಗುವಾಗ ಹುಟ್ಟಿದ ಇಂಗಾಲದ ಡೈ ಆಕ್ಸೈಡ್ ಸ್ವಲ್ಪ ಕರಗಿಯೇ ಉಳಿದಿರುತ್ತದೆ. ತಾಜಾತನಕ್ಕೆ ಕಾರಣ, ಸತ್ತ ಯೀಸ್ಟಿನ ಪದರ ಒಳನುಸುಳುವ ಆಮ್ಲಜನಕವನ್ನು ಹೀರಿಕೊಳ್ಳುವುದು. ದುಂಡುತನದ ಕಾರಣ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು.

ಯೀಸ್ಟ್ ಕೋಶದೊಳಗೆ ಒಂದು ಚೀಲವಿದೆ. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ಕೋಶ ಅದರೊಳಗೆ ಕೂಡಿಟ್ಟಿರುತ್ತದೆ. ಕೋಶ ಸತ್ತ ಮೇಲೆ ಚೀಲದ ಗೋಡೆ ಸೋರಿ ಆ ಕಿಣ್ವಗಳು ಹೊರಬರುತ್ತವೆ, ತಾವು ಹುಟ್ಟಿದ ಮನೆಯನ್ನೇ ಕೆಡವತೊಡಗುತ್ತವೆ. ಪ್ರೋಟೀನು ಒಡೆದು ಅಮೈನೊ ಆಮ್ಲಗಳಾಗುತ್ತದೆ, ಅವುಗಳಲ್ಲಿ ಗ್ಲುಟಮೇಟ್ ಒಂದು. ಆರ್‌ಎನ್‌ಎ ಒಡೆದು ನ್ಯೂಕ್ಲಿಯೊಟೈಡುಗಳಾಗುತ್ತದೆ. ಹೊರಗೋಡೆ ಸಡಿಲಗೊಂಡು ಅದರಲ್ಲಿದ್ದ ಮ್ಯಾನೊಪ್ರೋಟೀನ್ ಎಂಬ, ಸಕ್ಕರೆಯ ಸರಪಳಿ ಹೊತ್ತ ದೊಡ್ಡ ಅಣುಗಳು ವೈನಿಗೆ ಸೇರುತ್ತವೆ. ವೈನಿಗೆ ಮೈ ಬರುವುದು ಇವುಗಳಿಂದ. ಈ ತನ್ನಷ್ಟಕ್ಕೇ ಕರಗುವ ಕ್ರಿಯೆಗೆ ಆಟೊಲಿಸಿಸ್ ಎನ್ನುತ್ತಾರೆ. ಇದನ್ನೇ ಬೆಚ್ಚಗೆ ಮಾಡಿ, ಬೇಗ ಮಾಡಿ, ಬತ್ತಿಸಿದರೆ ಸಿಗುವುದು ಯೀಸ್ಟ್ ಸಾರ. ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ಕಾರ್ಖಾನೆಗಳ ಮಡ್ಡಿಯಿಂದ 1902ರಲ್ಲಿ ಹುಟ್ಟಿದ ಮಾರ್ಮೈಟ್ ಅದೇ. ನಮ್ಮ ಅಂಗಡಿಗಳ ಚಿಪ್ಸು, ಸೂಪಿನ ಪೊಟ್ಟಣಗಳ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಕೂಡ ಅದೇ. ನಾಂತ್‌ನ ತಣ್ಣನೆಯ ತೊಟ್ಟಿಯಲ್ಲಿ ಈ ಕ್ರಿಯೆ ತಿಂಗಳುಗಟ್ಟಲೆ, ಸದ್ದಿಲ್ಲದೆ, ಚಿಟಿಕೆಯ ಲೆಕ್ಕದಲ್ಲಿ ನಡೆಯುತ್ತದೆ. ಕ್ಲಿಸ್ಸೊನ್, ಗೋರ್ಜ್, ಲ ಪಾಲೆ ಎಂಬ ಊರುಗಳ ವೈನಿಗೆ 2011ರಲ್ಲಿ ಪ್ರತ್ಯೇಕ ಮನ್ನಣೆ ಸಿಕ್ಕಿತು. ಅಲ್ಲಿ ವೈನು ಮಡ್ಡಿಯ ಮೇಲೆ ಒಂದೂವರೆ, ಎರಡು ವರ್ಷವೇ ಇರುತ್ತದೆ. (ಮಧ್ಯಯುಗದ ತತ್ತ್ವಜ್ಞಾನಿ ಅಬೆಲಾರ್ಡ್ 1079ರಲ್ಲಿ ಹುಟ್ಟಿದ್ದು ಇದೇ ಲ ಪಾಲೆಯಲ್ಲಿ. ಅವನ ಕಾಲಕ್ಕೆ ಈ ಬಳ್ಳಿ ಅಲ್ಲಿಗೆ ಬಂದಿರಲಿಲ್ಲ.)

ಈಗ ಸಿಂಪಿಯೊಳಗೆ ಏನಿದೆ ನೋಡೋಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿಟ್ಟ ಮಾವಿನ ಹೋಳು ನೀರು ಬಿಟ್ಟು ಮುರುಟುವುದನ್ನು ಎಲ್ಲರೂ ಕಂಡಿದ್ದೇವೆ. ಮೀನು ತನ್ನ ರಕ್ತದ ಉಪ್ಪನ್ನು ತಾನೇ ಹತೋಟಿಯಲ್ಲಿಡುತ್ತದೆ. ಸಿಂಪಿಗೆ ಆ ಶಕ್ತಿಯಿಲ್ಲ. ಹಾಗಾದರೆ ಅದರ ಕೋಶಗಳು ಮಾವಿನ ಹೋಳಿನ ಹಾಗೆ ಮುರುಟಬೇಕಿತ್ತು. ಮುರುಟದಿರಲು ಅದು ಮಾಡುವ ಉಪಾಯ, ತನ್ನ ಕೋಶಗಳೊಳಗೆ ಗ್ಲೈಸಿನ್, ಟಾರಿನ್, ಅಲನಿನ್, ಗ್ಲುಟಮೇಟ್‌ನಂಥ ಬಿಡಿ ಅಮೈನೊ ಆಮ್ಲಗಳನ್ನು ತುಂಬಿಕೊಳ್ಳುವುದು. ಹೊರಗಿನ ಉಪ್ಪಿನ ಸೆಳೆತಕ್ಕೆ ಒಳಗಿನ ಈ ಸಂಗ್ರಹ ಸರಿದೂಗುತ್ತದೆ. ಗ್ಲೈಸಿನ್, ಅಲನಿನ್ ನಾಲಿಗೆಗೆ ಸಿಹಿ. ಗ್ಲುಟಮೇಟ್ ರಸವತ್ತಾದ ಸಾರಿನ ರುಚಿ. ಸಿಂಪಿ ಬದುಕಲು ಕಟ್ಟಿಕೊಂಡ ಬುತ್ತಿಯೇ ನಮಗೆ ರುಚಿಯಾಗಿ ಸಿಗುತ್ತದೆ. ನೀರಿನ ಉಪ್ಪು ಏರಿದಷ್ಟೂ ಬುತ್ತಿ ದೊಡ್ಡದು, ರುಚಿ ಗಾಢ. ಇದಲ್ಲದೆ ಚಳಿಗಾಲಕ್ಕೆ ಮುನ್ನ ಅದು ಗ್ಲೈಕೊಜೆನ್ ಎಂಬ ಪಿಷ್ಟವನ್ನೂ ಕೂಡಿಡುತ್ತದೆ. ಆ ತಿಂಗಳುಗಳ ಸಿಂಪಿ ಕೊಬ್ಬಿದಂತೆ, ಕೆನೆಯಂತೆ ಇರುವುದು ಅದರಿಂದ.

ಗ್ಲುಟಮೇಟಿನ ಈ ರುಚಿಯನ್ನು 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡ ಸಮುದ್ರಕಳೆಯ ಸಾರಿನಿಂದ ಬೇರ್ಪಡಿಸಿ ಉಮಾಮಿ ಎಂದು ಕರೆದರು. 1950ರ ದಶಕದ ಕೊನೆಗೆ ಅಕಿರ ಕುನಿನಾಕ ಇನ್ನೊಂದು ವಿಚಿತ್ರ ಕಂಡರು. ಗ್ಲುಟಮೇಟಿನ ಜೊತೆ ಕೆಲವು ನ್ಯೂಕ್ಲಿಯೊಟೈಡುಗಳು ಸೇರಿದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಸರಿಯಾದ ಬೆರಕೆಯಲ್ಲಿ ಏಳೆಂಟು ಪಟ್ಟು ಏರುತ್ತದೆ. ಏಕೆಂದು ತಿಳಿದದ್ದು 2008ರಲ್ಲಿ. ನಾಲಿಗೆಯ ರುಚಿಮೊಗ್ಗಿನಲ್ಲಿ ಉಮಾಮಿ ಹಿಡಿಯುವ ಗ್ರಾಹಕ ಪ್ರೋಟೀನ್ ಬಾಯಿ ತೆರೆದ ಚಿಪ್ಪಿನ ಆಕಾರದಲ್ಲಿದೆ. ಗ್ಲುಟಮೇಟ್ ಅದರ ಒಳಮೂಲೆಗೆ ಹೋಗಿ ಕುಳಿತಾಗ ಚಿಪ್ಪು ಮುಚ್ಚಿಕೊಂಡು ಮಿದುಳಿಗೆ ಸುದ್ದಿ ಹೋಗುತ್ತದೆ. ಆದರೆ ಮುಚ್ಚಿದ್ದು ಬೇಗ ತೆರೆದುಕೊಳ್ಳುತ್ತದೆ. ನ್ಯೂಕ್ಲಿಯೊಟೈಡ್ ಬಂದು ಚಿಪ್ಪಿನ ಬಾಯಿಯ ಹತ್ತಿರ ಕೂತರೆ ಎರಡೂ ತುಟಿಗಳನ್ನು ಕೂಡಿಸಿ ಹಿಡಿಯುತ್ತದೆ. ಮುಚ್ಚಿದ್ದು ಮುಚ್ಚಿಯೇ ಇರುತ್ತದೆ, ಸುದ್ದಿ ಹೋಗುತ್ತಲೇ ಇರುತ್ತದೆ. ಸಿಂಪಿಯ ರುಚಿಯನ್ನು ಹಿಡಿಯುವ ಅಣು ತಾನೇ ಸಿಂಪಿಯ ಹಾಗೆ ಬಾಯಿ ಮುಚ್ಚುತ್ತದೆ ಎಂಬುದು ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ.

2020ರಲ್ಲಿ ಡೆನ್ಮಾರ್ಕಿನ ಶಾರ್ಲೊಟ್ ಶ್ಮಿಟ್, ಕಾರ್ಸ್ಟೆನ್ ಓಲ್ಸೆನ್, ಓಲೆ ಮೌರಿಟ್ಸೆನ್ ಈ ಲೆಕ್ಕವನ್ನು ಶಾಂಪೇನ್ ಮತ್ತು ಸಿಂಪಿಗೆ ಹಾಕಿದರು. ಶಾಂಪೇನ್ ಕೂಡ ಬಾಟಲಿಯೊಳಗೆ ತನ್ನ ಸತ್ತ ಯೀಸ್ಟಿನ ಮೇಲೆ ವರ್ಷಗಟ್ಟಲೆ ಕಳೆಯುವ ವೈನ್. ಅದರ ಯೀಸ್ಟಿನಿಂದ ಬಂದ ಗ್ಲುಟಮೇಟ್ ತಾನೊಂದೇ ನಾಲಿಗೆಗೆ ತಿಳಿಯದಷ್ಟು ಅಲ್ಪ. ಸಿಂಪಿಯ ನ್ಯೂಕ್ಲಿಯೊಟೈಡುಗಳ ಜೊತೆ ಅದು ಗುಣಾಕಾರಕ್ಕೆ ಸೇರುತ್ತದೆ ಎಂದು ಅವರು ತೋರಿಸಿದರು. ಮುಸ್ಕಾದೆಯನ್ನು ಅವರು ಅಳೆಯಲಿಲ್ಲ. ಆದರೆ ಮಡ್ಡಿಯ ಮೇಲೆ ಮಲಗುವ ವೈನಿಗೆ ಅದೇ ರಸಾಯನ ಸಲ್ಲಬೇಕು ಎಂದು ನಾನು ತಿಳಿದಿದ್ದೇನೆ. ಮುಸ್ಕಾದೆಯ ಪರಿಮಳ ಕಡಿಮೆ ಇರುವುದೂ ಇಲ್ಲಿ ಅನುಕೂಲವೇ. ಈ ಸಣ್ಣ ದನಿಯ ರುಚಿಯನ್ನು ಮುಚ್ಚುವ ಓಕ್ ಮರದ ವಾಸನೆಯೋ ಹಣ್ಣಿನ ಘಮಲೋ ಅದರಲ್ಲಿ ಇಲ್ಲ.

ಹುಳಿಯ ಕೆಲಸ ಬೇರೆ. ಹುಳಿ ಎಂದರೆ ನಾಲಿಗೆಗೆ ಪ್ರೋಟಾನುಗಳ ಸುದ್ದಿ. ಅವು ಹುಳಿಕೋಶದೊಳಗೆ ನುಗ್ಗುವ ಕಿಂಡಿಯ ಹೆಸರು ಓಟಾಪ್1, ಗುರುತಾದದ್ದು 2018, 2019ರಲ್ಲಿ. ಕರಗಿದ ಇಂಗಾಲದ ಡೈ ಆಕ್ಸೈಡಿನ ಸುದ್ದಿಯನ್ನು ಒಯ್ಯುವುದೂ ಇದೇ ಹುಳಿಕೋಶಗಳೇ. ಸುದ್ದಿ ಮುಟ್ಟಿದ ಕೂಡಲೇ ಬಾಯಲ್ಲಿ ನೀರೂರುತ್ತದೆ. ಸುಮ್ಮನಿದ್ದಾಗ ನಿಮಿಷಕ್ಕೆ ಅರ್ಧ ಮಿಲಿಲೀಟರ್ ಒಳಗಿರುವ ಜೊಲ್ಲು, ಹುಳಿ ತಾಗಿದಾಗ ಅದರ ಹತ್ತು ಪಟ್ಟಿನವರೆಗೂ ಹೋಗಬಲ್ಲದು. ಸಿಂಪಿಯ ಉಪ್ಪೂ ಲೋಳೆಯೂ ಆ ನೀರಿನಲ್ಲಿ ತೊಳೆದುಹೋಗಿ ಮುಂದಿನ ಸಿಂಪಿ ಮತ್ತೆ ಮೊದಲನೆಯದಾಗುತ್ತದೆ. ಉಪ್ಪು ತನ್ನ ಪಾಲಿಗೆ ವೈನಿನ ಹುಳಿಯ ಮೊನೆಯನ್ನು ಮೊಂಡು ಮಾಡುತ್ತದೆ. ಮಾವಿನಕಾಯಿಗೆ ಉಪ್ಪು ಹಚ್ಚಿ ತಿಂದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು, ಕೆಂಪು ವೈನು ಸಿಂಪಿಗೆ ಏಕೆ ಆಗದು? ಇದಕ್ಕೆ ಉತ್ತರ ಕೊಟ್ಟವರೂ ಜಪಾನಿನವರೇ. ಮರ್ಸಿಯನ್ ಎಂಬ ವೈನ್ ಕಂಪನಿಯ ತಕಾಯುಕಿ ತಮುರ ಮತ್ತು ಜೊತೆಗಾರರು 38 ಕೆಂಪು, 26 ಬಿಳಿ ವೈನುಗಳನ್ನು ಒಣಗಿಸಿದ ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಜೊತೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಯಲ್ಲಿ ನೀಚು ವಾಸನೆ ಎಬ್ಬಿಸುತ್ತಿದ್ದ ವೈನುಗಳಲ್ಲಿ ಸಾಮಾನ್ಯವಾಗಿದ್ದದ್ದು ಕಬ್ಬಿಣದ ಅಂಶ. ಕಬ್ಬಿಣವನ್ನು ಹಿಡಿದು ಕಟ್ಟಿಹಾಕುವ ವಸ್ತು ಸೇರಿಸಿದರೆ ಅದೇ ವೈನಿನಲ್ಲಿ ನೀಚು ಏಳುತ್ತಿರಲಿಲ್ಲ. ಕೆಂಪು ಬಣ್ಣದ ದೋಷವೇನೂ ಇರಲಿಲ್ಲ. ಕಬ್ಬಿಣ ಹೆಚ್ಚಿದ್ದರೆ ಬಿಳಿ ವೈನೂ ಅಷ್ಟೇ ಕೆಡಿಸುತ್ತದೆ.

ಈ ವಾಸನೆ ನಮಗೆ ಹೊಸದಲ್ಲ. ಉಯ್ಯಾಲೆಯ ಕಬ್ಬಿಣದ ಸರಪಳಿಯನ್ನೋ ಬಾವಿಯ ರಾಟೆಯನ್ನೋ ಹಿಡಿದು, ಬೆವರಿದ ಅಂಗೈಯನ್ನು ಮೂಸಿ ನೋಡಿದರೆ ಬರುವ ವಾಸನೆಯನ್ನು ನಾವು ಕಬ್ಬಿಣದ ವಾಸನೆ ಅನ್ನುತ್ತೇವೆ. ಕಬ್ಬಿಣ ಆವಿಯಾಗುವ ವಸ್ತುವಲ್ಲ, ಅದಕ್ಕೆ ವಾಸನೆ ಇರಲು ಸಾಧ್ಯವಿಲ್ಲ. ಚರ್ಮದ ಎಣ್ಣೆಯಂಶ ಗಾಳಿಗೆ ಸ್ವಲ್ಪ ಕೆಟ್ಟಿರುತ್ತದೆ. ಬೆವರಿನಲ್ಲಿ ಕರಗಿದ ಕಬ್ಬಿಣ ಅದನ್ನು ಮುರಿದು ಆಕ್ಟೆನೋನ್ ಎಂಬ ವಸ್ತುವನ್ನು ಹುಟ್ಟಿಸುತ್ತದೆ. ನಾವು ಮೂಸುವುದು ನಮ್ಮದೇ ಚರ್ಮವನ್ನು. ಗ್ಲಿಂಡೆಮನ್ ಎಂಬ ಜರ್ಮನ್ ರಸಾಯನಜ್ಞ ಮತ್ತು ಅವರ ತಂಡ ಇದನ್ನು 2006ರಲ್ಲಿ ತೋರಿಸಿಕೊಟ್ಟರು. ಸಮುದ್ರಜೀವಿಗಳ ಕೊಬ್ಬು ನಮ್ಮ ಚರ್ಮದ ಎಣ್ಣೆಗಿಂತಲೂ ಬೇಗ ಕೆಡುವಂಥದ್ದು. ಕಬ್ಬಿಣವಿರುವ ವೈನು ಅದರ ಮೇಲೆ ಬಿದ್ದಾಗ ಆಗುವುದು ಇದೇ ಬಗೆಯ ಕ್ರಿಯೆ. ತಮುರ ತಂಡ ಪಟ್ಟಿ ಮಾಡಿದ ವಾಸನೆಗಳಲ್ಲಿ ಆಕ್ಟೆನೋನ್ ಕೂಡ ಇದೆ. ನಾಂತ್‌ನವರು ಬಹುಕಾಲದಿಂದ ವೈನಿಡುವ ತೊಟ್ಟಿಗಳು ನೆಲದಡಿ ಕಟ್ಟಿ, ಒಳಗೆ ಗಾಜಿನ ಬಿಲ್ಲೆ ಹೊದಿಸಿದ ಕಾಂಕ್ರೀಟಿನವು. ಅಲ್ಲಿ ವೈನು ಕಬ್ಬಿಣವನ್ನು ಮುಟ್ಟುವುದಿಲ್ಲ. ಸತ್ತ ಯೀಸ್ಟಿನ ಕೋಶಭಿತ್ತಿಗೂ ಲೋಹದ ಅಯಾನುಗಳನ್ನು ಹಿಡಿದಿಡುವ ಗುಣವಿದೆ. ಸಿಂಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಇದನ್ನು ಮಾಡಿದ್ದಲ್ಲ, ಆದರೆ ಮಾಡಿದ್ದು ಸಿಂಪಿಗೆ ಒದಗಿತು.

ಸಿಂಪಿಯಾಚೆಗೂ ಈ ವೈನಿನ ಊಟ ದೊಡ್ಡದು. ಮುಸ್ಕಾದೆಯಲ್ಲೇ ಸಣ್ಣ ಈರುಳ್ಳಿ ಹಾಕಿ ಬೇಯಿಸಿದ ನೀಲಿಕಲ್ಲು ಎಂಬ ಚಿಪ್ಪುಜೀವಿ, ಕೆಂಡದ ಮೇಲೆ ಸುಟ್ಟ ಸಾರ್ಡೀನ್ (ನಮ್ಮ ಬೂತಾಯಿಯ ಬಳಗದ್ದೇ), ಬೇಯಿಸಿದ ಸೀಗಡಿ. ಸಮುದ್ರದ ಮೀನು ಹಳತಾದಂತೆ ಟ್ರೈಮಿಥೈಲಮೈನ್ ಎಂಬ ವಸ್ತುವಿನ ನಾತ ಹೊರಡುತ್ತದೆ. ಅದು ಕ್ಷಾರಗುಣದ್ದು. ಹುಳಿಯ ಪ್ರೋಟಾನು ಅಂಟಿಕೊಂಡರೆ ಲವಣವಾಗಿ ಬಾಯಲ್ಲೇ ಉಳಿಯುತ್ತದೆ, ಮೂಗಿಗೆ ಏರುವುದಿಲ್ಲ. ನಮ್ಮ ಕರಾವಳಿಯ ಮೀನುಸಾರಿಗೆ ಹುಣಸೆಯೋ ಪುನರ್ಪುಳಿಯೋ ಬೀಳುವುದರ ಹಿಂದಿರುವ ರಸಾಯನವೂ ಇದೇ. ಮುಸ್ಕಾದೆಗೆ ಒಗ್ಗದ್ದೂ ಇದೆ. ಸಿಹಿತಿಂಡಿಯ ಪಕ್ಕ ಅದರ ಹುಳಿ ಒರಟಾಗುತ್ತದೆ, ಗಟ್ಟಿ ಮಾಂಸದ ಪಕ್ಕ ಅದು ನೀರಾಗುತ್ತದೆ.

ಆದರೆ ನಾನು ನಿಲ್ಲಬೇಕೆನ್ನುವುದು ಬರ್ ಬ್ಲಾಂ ಎಂಬ ಬೆಣ್ಣೆಯ ಗೊಜ್ಜಿನ ಹತ್ತಿರ. 19ನೇ ಶತಮಾನದ ಕೊನೆಗೆ ನಾಂತ್ ಪಕ್ಕದ ಲ ಶೆಬುಯೆತ್ ಎಂಬ ನದಿದಂಡೆಯ ಊರಿನಲ್ಲಿ ಊಟದ ಮನೆ ನಡೆಸುತ್ತಿದ್ದ ಕ್ಲೆಮಾನ್ಸ್ ಲಫೆವ್ರ್ ಎಂಬಾಕೆ ಇದನ್ನು ಮಾಡಿದ್ದು ಎಂದು ಪ್ರತೀತಿ. ಬೇರೊಂದು ಗೊಜ್ಜು ಮಾಡಹೊರಟು ಮೊಟ್ಟೆ ಹಾಕಲು ಮರೆತದ್ದು ಇದಾಯಿತಂತೆ. ಲ್ವಾರ್ ನದಿಯ ಪೈಕ್ ಮೀನಿಗೆ, ವಸಂತದಲ್ಲಿ ಸಮುದ್ರದಿಂದ ನದಿಗೇರುವ ಶ್ಯಾಡ್ ಮೀನಿಗೆ ಇದನ್ನು ಸುರಿದು ಬಡಿಸುತ್ತಾರೆ. ಶ್ಯಾಡ್ ಬಂಗಾಳದ ಹಿಲ್ಸಾಗೆ ಬಂಧು, ಮುಳ್ಳಿನಲ್ಲೂ ಸ್ವಾದದಲ್ಲೂ.

ನಾನು ಇದನ್ನು ಮನೆಯಲ್ಲಿ ಹಲವು ಸಲ ಮಾಡಿದ್ದೇನೆ. ಫ್ರೆಂಚರ ಶಾಲಟ್ ಬದಲು ಸಾಂಬಾರ್ ಈರುಳ್ಳಿ ನಾಲ್ಕೈದನ್ನು ಆದಷ್ಟು ಸಣ್ಣಗೆ ಹೆಚ್ಚಿ, ಒಂದು ಲೋಟ ಹುಳಿ ಬಿಳಿ ವೈನು, ಒಂದೆರಡು ಚಮಚ ವಿನೆಗರ್ ಸೇರಿಸಿ ಸಣ್ಣ ಉರಿಯಲ್ಲಿ ಬತ್ತಿಸಬೇಕು. ಮದ್ಯಸಾರದ ಬಹುಪಾಲು ಆವಿಯಾಗಿ, ಹುಳಿ ಮಾತ್ರ ಉಳಿದು ಗಟ್ಟಿಯಾಗುತ್ತದೆ. ಪಾತ್ರೆಯ ತಳದಲ್ಲಿ ಎರಡು ಚಮಚದಷ್ಟು ರಸ ಉಳಿದಾಗ ಉರಿ ತಗ್ಗಿಸಿ, ತಣ್ಣನೆಯ ಬೆಣ್ಣೆಯ ಸಣ್ಣ ತುಂಡುಗಳನ್ನು ಒಂದೊಂದಾಗಿ ಹಾಕುತ್ತ ಕಡೆಯಬೇಕು. ಮೊದಲ ತುಂಡು ಕರಗುವಾಗ ಹಳದಿ ಎಣ್ಣೆಯ ಹನಿಗಳು ಕಂಡರೂ ಮೂರನೆಯ ತುಂಡಿನ ಹೊತ್ತಿಗೆ ರಸ ಬಿಳಿಯಾಗತೊಡಗುತ್ತದೆ. ಬೆಣ್ಣೆ ಎಂದರೆ ಜಿಡ್ಡಿನೊಳಗೆ ನೀರಿನ ಹನಿಗಳು ಸಿಕ್ಕಿಕೊಂಡಿರುವ ವಸ್ತು. ಫ್ರೆಂಚ್ ಬೆಣ್ಣೆಯಲ್ಲಿ ಜಿಡ್ಡು ಕನಿಷ್ಠ 82 ಶೇಕಡ, ನೀರು ಹೆಚ್ಚೆಂದರೆ 16. ಪಾತ್ರೆಯಲ್ಲಿ ಅದು ತಿರುವುಮುರುವಾಗುತ್ತದೆ: ನೀರಿನೊಳಗೆ ಜಿಡ್ಡಿನ ಹನಿಗಳು. ಬೆಣ್ಣೆಯಲ್ಲೇ ಇರುವ ಹಾಲಿನ ಪ್ರೋಟೀನು, ಲೆಸಿಥಿನ್ ಜಾತಿಯ ಕೊಬ್ಬು ಪ್ರತಿ ಹನಿಗೂ ಅಂಗಿ ತೊಡಿಸಿ ಒಂದಕ್ಕೊಂದು ಕೂಡದಂತೆ ನೋಡಿಕೊಳ್ಳುತ್ತವೆ. ಮೊಟ್ಟೆ ಬೇಡವಾದದ್ದು ಅದಕ್ಕೇ. ಶಾಖ 60 ಡಿಗ್ರಿಯ ಸಮೀಪ ಹೋದರೆ ಈ ಅಂಗಿ ಕಳಚಿ ಗೊಜ್ಜು ಒಡೆಯುತ್ತದೆ. ತುಪ್ಪ ಮೇಲೆ, ಹುಳಿ ಕೆಳಗೆ. ಪಾತ್ರೆಯ ಹೊರಮೈಗೆ ಬೆರಳು ತಾಗಿಸಿ ಎರಡು ಎಣಿಸುವಷ್ಟು ಹೊತ್ತು ಇಡಲಾದರೆ ಶಾಖ ಸರಿಯಿದೆ ಎಂದು ನನ್ನ ಅಂದಾಜು. ಹಾಗಾಗದಿದ್ದರೆ ಒಲೆಯಿಂದ ಇಳಿಸಿ, ಇನ್ನೊಂದು ತಣ್ಣನೆಯ ತುಂಡು ಹಾಕಿ ಬೇಗ ಬೇಗ ಕಡೆದರೆ ಉಳಿಯುತ್ತದೆ.

ಇದರ ಜೊತೆ ಮುಸ್ಕಾದೆ ಕುಡಿದರೆ ಹುಳಿಯು ಜಿಡ್ಡನ್ನು ಕರಗಿಸುತ್ತದೆ ಎನ್ನುವವರಿದ್ದಾರೆ. ಹುಳಿಗೆ ಆ ಶಕ್ತಿಯಿಲ್ಲ. ಅದು ಜೊಲ್ಲನ್ನು ಕರೆಯುತ್ತದೆ, ಜೊಲ್ಲು ಬಾಯಿಯನ್ನು ತೊಳೆಯುತ್ತದೆ. ಗೊಜ್ಜಿನೊಳಗೆ ಬತ್ತಿದ ವೈನಿನ ಹುಳಿಯೂ ಲೋಟದ ವೈನಿನ ಹುಳಿಯೂ ಒಂದೇ ಮೂಲದವಾದ್ದರಿಂದ ಬಾಯಿಗೆ ಎರಡನೆಯದು ಅಪರಿಚಿತ ಅನಿಸುವುದಿಲ್ಲ. ನಾಂತ್‌ನ ಅಡುಗೆಯವರು ಗೊಜ್ಜಿಗೆ ಒಂದು ಲೋಟ ಸುರಿದು, ಅದೇ ಬಾಟಲಿಯನ್ನು 8–10 ಡಿಗ್ರಿಗೆ ತಣಿಸಿ ಮೇಜಿಗೆ ಕಳುಹಿಸುತ್ತಾರೆ. ಪೈಕ್ ಮೀನಿನ ಬಿಳಿ ಹೋಳಿನ ಮೇಲೆ ಗೊಜ್ಜು ನಿಧಾನ ಹರಿದು ತಟ್ಟೆಯ ಅಂಚಿಗೆ ಮುಟ್ಟುವುದರೊಳಗೆ ತಿನ್ನಬೇಕು. ತಣ್ಣಗಾದರೆ ಅದು ಮತ್ತೆ ಬೆಣ್ಣೆಯಾಗುತ್ತದೆ.